ಗಾಳಿ ಹೊಗದ ಕೋಣೆ

ಶಹಾಪುರ
೨೪ ಏಪ್ರಿಲ್ ೨೦೨೫

ಪ್ರೀತಿಯ ಶರಣಕುಮಾರಾ,

ಹೈದರಾಬಾದಿನ ಊಟ ಹೊಟ್ಟೆಗೆ ಹಿಡಿಸಿತೇ? ಕೆಮ್ಮು ನಿಂತಿತೇ? ನಾನು, ನಿನ್ನ ಅವ್ವ ಆರಾಮ ಇದ್ದೇವೆ. ಚೊಚ್ಚಲ ಹೆರಿಗೆಗೆ ಬಂದಿರುವ ನಿನ್ನ ತಂಗಿ ಪರಿಮಳಾಳಿಗೆ ಒಂಬತ್ತು ತುಂಬಿದೆ. ಕಾಲು ಬಾತಿವೆ, ನಗು ಮಾತ್ರ ಕಡಿಮೆಯಾಗಿಲ್ಲ. ಫೋನಿನಲ್ಲಿ ಹೇಳಹೋದರೆ ನೀನು "ಗಿರಾಕಿ ಕುಂತಾರಪ್ಪಾ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆದು, ಮರ ತರಲು ಅಲ್ಲಿಗೇ ಹೊರಟಿರುವ ನಿನ್ನ ಬಡಿಗ ಏಜಾಜನ ಕೈಯಲ್ಲಿ ಕಳಿಸುತ್ತಿದ್ದೇನೆ.

ಮನೆಗೆ ಹೊಂದಿಸಿ ಕಟ್ಟುವ ಮರದ ಚೌಕಟ್ಟಿನ ಗಾಜಿನ ಕೋಣೆಗಳ ವ್ಯಾಪಾರ ನೀನು ಶುರು ಮಾಡಿದಾಗ ನೆರೆಯ ರಾಜಾಸಾಬ ನಕ್ಕಿದ್ದು ನೆನಪಿದೆಯೇ? "ಬಿಸಲಾ ರೊಕ್ಕಾ ಕೊಟ್ಟು ತಗೋತಾರೇನ್ರಿ ಮಾಸ್ತರ್? ನಮ್ಮ ಮಾಳಗಿ ಮ್ಯಾಲ ಪುಕಟ ಸಿಗತದ, ಗಿರಾಕಿ ಇದ್ರ ಕಳಿಸ್ರಿ!" ಎಂದಿದ್ದ. ನಾನೂ ನಕ್ಕಿದ್ದೆ. ಆದರೆ ಸಗರದ ಮಲಕಮ್ಮ ಒಂದೇ ಮಾತಿಗೆ ಒಪ್ಪಿ ಮನೆಯ ಹಿಂದೆ ಕಟ್ಟಿಸಿಕೊಂಡಳು. ಯಾಕೆಂದು ನಾವಿಬ್ಬರೂ ಕೇಳಲಿಲ್ಲ. ಮೊನ್ನೆ ಗೊತ್ತಾಯಿತು.

ಮಗಳ ಬಾಣಂತನಕ್ಕೆ! ಈ ಬಿಸಿಲಿನಲ್ಲಿ ತಾಯಿ, ಹಸುಗೂಸು ಇಬ್ಬರನ್ನೂ ಅದರೊಳಗೆ ಮಲಗಿಸಿ, ಬಾಗಿಲು ಹಾಕಿ, ಮಂಚದ ಕೆಳಗೆ ಕೆಂಡವನ್ನೂ ಇಟ್ಟಿದ್ದರು. ಮಧ್ಯಾಹ್ನ ಕೂಸು ಅಳುವುದನ್ನು ನಿಲ್ಲಿಸಿತು. ನಿದ್ದೆ ಹತ್ತಿತು ಎಂದುಕೊಂಡರಂತೆ. ಎತ್ತಿಕೊಂಡರೆ ಮೈ ಕಾದ ಹಂಚು. ಈಗ ತಾಯಿ, ಮಗು ಯಾದಗಿರಿಯ ಆಸ್ಪತ್ರೆಯಲ್ಲಿದ್ದಾರೆ. ಕೂಸು ನಿನ್ನೆ ಕಣ್ಣು ತೆರೆದಿದೆ; ಡಾಕ್ಟರು ಇನ್ನೂ ಏನೂ ಹೇಳುತ್ತಿಲ್ಲ.

ಕೇಳಿದ್ದನ್ನಷ್ಟೇ ಬರೆಯುತ್ತಿಲ್ಲ, ಸಗರಕ್ಕೆ ಹೋಗಿ ನೋಡಿ ಬಂದೆ. ಸಂಜೆಯಾಗಿದ್ದರೂ ಬಾಗಿಲ ಹಿಡಿಕೆ ಮುಟ್ಟಲಾಗಲಿಲ್ಲ. ತೆರೆಯುವ ಕಿಟಕಿ ಒಂದೂ ಇಲ್ಲ. ಎಸಿ ಹಾಕಿಸುವವರಿಗೆ ಕಿಟಕಿ ಯಾಕೆ ಎಂದು ನೀನೇ ಬೇಡವೆಂದೆಯಂತೆ, ಏಜಾಜ ಹೇಳಿದ. ಮಲಕಮ್ಮ ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. "ಒಳಗ ಗಾಳಿ ಹೊಗಂಗಿಲ್ಲ ಅಂತ ನಿಮ್ಮ ಮಗನ ಹೇಳಿದ್ನಲ್ರಿ ಮಾಸ್ತರ್ರ? ಬಾಣಂತಿಗಿ ಮತ್ತೇನ್ ಬೇಕ್ರಿ?" ಎಂದಳು. ಧೂಳು ಬರುವುದಿಲ್ಲ ಎಂಬ ಅರ್ಥದಲ್ಲಿ ನೀನು ಹೇಳಿರಬೇಕು. ಆದರೆ ಹೆರಿಗೆಯಾದ ಮನೆಯಲ್ಲಿ ಗಾಳಿ ಎಂದರೇನು ಎಂಬುದು ನಿನಗೆ ತಿಳಿಯದೇ? ಬಾಣಂತಿಯ ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಬಿಗಿದು ಕೂಡಿಸುವುದೇ ಆ ಗಾಳಿಗೆ ಅಂಜಿ. ಇಷ್ಟು ವರ್ಷ ಪೇಪರಿನಲ್ಲಿ ಎಂಥೆಂಥ ಸುದ್ದಿ ಓದಿದೆ. ನಮ್ಮ ಮನೆಯ ಮಾತೊಂದು ಹೀಗೆ ಸುದ್ದಿಯಾದೀತೆಂದು ಎಣಿಸಿರಲಿಲ್ಲ.

ಆ ಕೂಸಿಗೆ ಆಯುಷ್ಯ ಬರಲಿ, ಆಮೇಲೆ ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಅಂಬ್ರಪ್ಪ

ತಾ. ಕ.: ಏಜಾಜ ಬಾಗಿಲಲ್ಲಿ ನಿಂತಿದ್ದಾನೆ, ನೀನು ಫೋನ್ ಎತ್ತುತ್ತಿಲ್ಲ. ಬರೆದು ಮುಗಿಸಿ ಎದ್ದು ನೋಡಿದರೆ, ಗಿರಾಕಿಗಳಿಗೆ ತೋರಿಸಲು ನಮ್ಮ ಅಂಗಳದಲ್ಲಿ ಕಟ್ಟಿಸಿದ್ದೀಯಲ್ಲ, ಆ ಕೋಣೆಯನ್ನು ನಿನ್ನ ಅವ್ವ ತೊಳೆದು ಪರಿಮಳಾಳಿಗೆ ಮಂಚ ಹಾಕಿಸಿದ್ದಾಳೆ. ಸಗರದ ಸುದ್ದಿ ಹೇಳಿದರೆ, "ಅವರಿಗಿ ಬಾಣಂತನ ಮಾಡಾಕ ಬರಲಿಲ್ಲ. ನನ್ನ ಮಗ ಸುಳ್ಳ ಹೇಳಂಗಿಲ್ಲ" ಎನ್ನುತ್ತಾಳೆ. ಇದನ್ನು ಓದಿದ ಕೂಡಲೇ ಅವಳಿಗೆ ಫೋನ್ ಮಾಡಿ ನಿನ್ನ ಬಾಯಿಂದಲೇ ಬೇಡ ಅನ್ನು. ನಾನು ಒಂದು ಗಾಜು ಒಡೆದೆ. ಆ ಕಂಡಿಗೆ ಅವಳು ಕೌದಿ ಕಟ್ಟಿದ್ದಾಳೆ.