ಕೊನೆಯವಳೆಂಬ ಪಟ್ಟ

ಮುದ್ದು ತಂಗೀ,

ನಿನಗೆ ಇನ್ನೂ ಓದಲು ಬರುವುದಿಲ್ಲ ಎಂದು ಗೊತ್ತು. ಟೀವಿಯಲ್ಲಿ ನಿನ್ನ ವಯಸ್ಸು ಹೇಳಿದರು, ಹೆಸರು ಹೇಳಲಿಲ್ಲ. ಮುಖವನ್ನು ಮಸುಕು ಮಾಡಿ ಕಾಲನ್ನು ಮಾತ್ರ ಸ್ಪಷ್ಟವಾಗಿ ತೋರಿಸಿದರು. ಆ ಕಾಲು ನೋಡಿದ್ದೇ ತಡ, ನನಗೆ ನಿನ್ನ ಗುರುತು ಹತ್ತಿತು. ನನ್ನ ಎಡಗಾಲೂ ಥೇಟ್ ಹಾಗೆಯೇ ಇದೆ. ಈ ಕಾಗದವನ್ನು ನಿನ್ನ ಅಮ್ಮ ಓದಿ ಹೇಳಲಿ, ಇಲ್ಲವೇ ಎತ್ತಿಟ್ಟು ನೀನು ದೊಡ್ಡವಳಾದ ಮೇಲೆ ಕೊಡಲಿ. ಅವಸರವೇನಿಲ್ಲ. ನಮ್ಮಂಥವರು ಯಾವಾಗ ಅವಸರ ಮಾಡಿದ್ದೇವೆ ಹೇಳು!

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಕಳೆದ ವಾರದವರೆಗೂ ಈ ದೇಶದಲ್ಲಿ ಪೋಲಿಯೊ ಬಂದ ಕೊನೆಯ ಮಗು ನಾನೇ ಆಗಿದ್ದೆ. ಮಗು ಅಂದದ್ದಕ್ಕೆ ನಗಬೇಡ. ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿದ್ದರೂ ಭಾಷಣಗಳಲ್ಲಿ ನಾನು ಇವತ್ತಿಗೂ ಮಗುವೇ. ನನ್ನ ನಂತರ ಇಲ್ಲಿ ಯಾರಿಗೂ ಆ ಜ್ವರ ಬರಲಿಲ್ಲ. ರೋಗ ನನ್ನಲ್ಲಿಗೆ ಬಂದು ನಿಂತಿತು ಎಂದು ಪುಸ್ತಕಗಳಲ್ಲಿ ಬರೆದರು, ಶಾಲೆಗಳಲ್ಲಿ ಹೇಳಿಕೊಟ್ಟರು. ಈಗ ನಿನಗೆ ಬಂತು.

ನಮ್ಮ ಮನೆಯಲ್ಲಿ ನಾನು ಮೊದಲಿನಿಂದಲೂ ಕೊನೆಯವಳು. ಇಬ್ಬರು ಅಣ್ಣಂದಿರಾದ ಮೇಲೆ ಹುಟ್ಟಿದವಳು. ಅಮ್ಮ ಕರೆಯುತ್ತಿದ್ದದ್ದೂ ಹಾಗೆಯೇ. ‘ಕೊನೆಯವಳು ಉಂಡ್ಲಾ?’ ‘ಕೊನೆಯವಳನ್ನ ಸ್ವಲ್ಪ ಎತ್ಕೊಳ್ರೋ.’ ಹೊಸ ರೋಗಿ ಕಾಣದೆ ವರ್ಷಗಳು ಕಳೆದು, ದೇಶ ಪೋಲಿಯೊದಿಂದ ಮುಕ್ತವಾಯಿತು ಎಂದು ಸಾರುವ ಹೊತ್ತಿಗೆ ಆರೋಗ್ಯ ಇಲಾಖೆಯ ಜೀಪು ನಮ್ಮ ಬಾಗಿಲಿಗೆ ಬಂತು. ಪೋಲಿಯೊ ಹನಿ ಹಾಕಿಸುವ ಕೆಲಸಕ್ಕೆಲ್ಲ ಮುಂದಾಳಾಗಿದ್ದ ಡಾಕ್ಟರಮ್ಮ ಇಳಿದು ಬಂದು, ನನ್ನ ತಲೆ ಸವರಿ, ‘ಇವಳೇ ಅಲ್ವೇನಮ್ಮ ಕೊನೆಯವಳು?’ ಎಂದು ಕೇಳಿದರು. ಅಮ್ಮ ನಾಚಿಕೊಂಡು, ‘ಹೌದು ಡಾಕ್ಟ್ರೇ, ಇವಳೇ ಕೊನೆ. ಆಪರೇಷನ್ ಮಾಡಿಸ್ಕೊಂಡಿದೀನಿ, ಬೇಕಾದ್ರೆ ಆಸ್ಪತ್ರೇಲಿ ಕೇಳಿ ನೋಡಿ’ ಎಂದುಬಿಟ್ಟಳು. ಅಪ್ಪ ಗೋಡೆಯ ಕಡೆ ತಿರುಗಿ ಕೆಮ್ಮತೊಡಗಿದ. ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನಿಗೆ ವಿಷಯ ತಿಳಿದ ಮೇಲೆ ಅವಳು ಮಾತ್ರ ನಗಲಿಲ್ಲ. ಒಳಗೆ ಹೋದವಳು ಜೀಪು ಹೋಗುವವರೆಗೂ ಹೊರಗೆ ಬರಲಿಲ್ಲ.

ನನಗೆ ಕಾಯಿಲೆ ಬಂದದ್ದಕ್ಕೆ ಯಾರನ್ನೂ ದೂರುವ ಹಾಗಿಲ್ಲ, ತಂಗಿ. ಹನಿ ಹಾಕುವವರು ಊರೂರು ಸುತ್ತಿಕೊಂಡು ನಮ್ಮ ಬೀದಿ ಮುಟ್ಟುವ ಮೊದಲೇ ಜ್ವರ ಮುಟ್ಟಿತ್ತು, ಅಷ್ಟೇ. ಅವರಾದರೂ ಎಂಥ ಪಾಡು ಪಟ್ಟಿದ್ದರು! ಐಸಿನ ಡಬ್ಬ ಹೆಗಲಿಗೆ ಹಾಕಿಕೊಂಡು ದೋಣಿಯಲ್ಲಿ, ಸೈಕಲ್ಲಿನಲ್ಲಿ, ದಾರಿಯೇ ಇಲ್ಲದ ಕಡೆ ಕಾಲ್ನಡಿಗೆಯಲ್ಲಿ ಹೋದವರು. ನಾಯಿ ಅಟ್ಟಿಸಿಕೊಂಡು ಬಂದರೂ ಡಬ್ಬ ಬಿಡದವರು. ನಮಗಿಂತ ಸಿರಿವಂತ ದೇಶಗಳು ‘ಇದು ನಿಮ್ಮ ಕೈಲಾಗದ ಕೆಲಸ’ ಎಂದು ಮೂಗು ಮುರಿದಿದ್ದಾಗ ಇವರು ಮಾಡಿ ತೋರಿಸಿದರು. ನಾನು ಇದನ್ನು ಬಾಯಿಪಾಠ ಒಪ್ಪಿಸುತ್ತಿಲ್ಲ. ಈಗ ಬರೆಯುವಾಗಲೂ ಎದೆ ಉಬ್ಬುತ್ತದೆ.

ಅಲ್ಲಿಂದ ಮುಂದೆ ಪ್ರತಿ ವರ್ಷ, ದೇಶ ಮುಕ್ತವಾಯಿತೆಂದು ಸಾರಿದ ದಿನ, ರಾಜಧಾನಿಯ ದೊಡ್ಡ ಸಭಾಂಗಣದಲ್ಲಿ ನನ್ನನ್ನು ವೇದಿಕೆಗೆ ಹತ್ತಿಸುತ್ತಿದ್ದರು. ಒಂದು ಕೈಯಲ್ಲಿ ಬಾವುಟ, ಇನ್ನೊಂದು ಕೈಯಲ್ಲಿ ಊರುಗೋಲು. ಅಪ್ಪ ಹಿಂದಿನ ದಿನವೇ ಕಾಲಿಗೆ ಆಸರೆಯಾಗಿ ಕಟ್ಟುವ ನನ್ನ ಕ್ಯಾಲಿಪರಿನ ಕಬ್ಬಿಣದ ಪಟ್ಟಿಯನ್ನು ಉಜ್ಜಿ, ಬೂಟಿಗೆ ಪಾಲಿಶ್ ಹಾಕಿ, ‘ದೇಶ ನೋಡುತ್ತೆ ಕಣವ್ವಾ’ ಎನ್ನುತ್ತಿದ್ದ. ಮಂತ್ರಿಗಳು ಬದಲಾಗುತ್ತಿದ್ದರು, ಭಾಷಣ ಬದಲಾಗುತ್ತಿರಲಿಲ್ಲ. ಕೊನೆಗೆ ನನ್ನ ಕಡೆ ಕೈ ತೋರಿಸಿ ‘ಇಗೋ, ಇವಳೇ ಕೊನೆಯವಳು’ ಅನ್ನುತ್ತಿದ್ದರು. ಸಭಾಂಗಣವೆಲ್ಲ ಎದ್ದು ನಿಲ್ಲುತ್ತಿತ್ತು. ಆ ಚಪ್ಪಾಳೆಯ ಸದ್ದು ಕ್ಯಾಲಿಪರಿನ ಕಬ್ಬಿಣದೊಳಗೂ ಗುಂಯ್‌ಗುಡುತ್ತಿತ್ತು. ಯಾರೂ ನನಗೊಂದು ಕುರ್ಚಿ ಹಾಕಿಸಲಿಲ್ಲ ಎಂಬುದು ಮನೆಗೆ ಬಂದು ಕಾಲು ಊದಿದ ಮೇಲೆ ನೆನಪಾಗುತ್ತಿತ್ತು. ಆದರೆ ಅಲ್ಲಿ ನಿಂತಾಗ ನಾನು ಸುಖವಾಗಿದ್ದೆ. ಸುಳ್ಳೇಕೆ ಹೇಳಲಿ?

ಶಾಲೆಯಲ್ಲಿ ‘ಕುಂಟಿ’ ಎಂದು ಕೂಗುವವರಿಗೆ ನನ್ನ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ‘ಬರೀ ಕುಂಟಿ ಅಲ್ವೋ, ದೇಶದ ಕೊನೇ ಕುಂಟಿ! ನಿಂಗೆ ಆ ಯೋಗ್ಯತೆ ಇದೆಯೇನೋ?’ ಪಾಪ, ಕೂಗಿದವನು ಚೀಲ ಎತ್ತಿಕೊಂಡು ಹೋಗಿಬಿಡುತ್ತಿದ್ದ. ಅಮ್ಮನೊಬ್ಬಳು ಆ ಸಭೆಗೆ ಒಂದು ಸಲವೂ ಬರಲಿಲ್ಲ. ನಾನು ಅತ್ತು ಕರೆದಾಗ ಹೇಳಿದಳು: ‘ನನ್ನ ಮಗಳ ಕಾಲು ನೋಡಿ ಚಪ್ಪಾಳೆ ಹೊಡೆಯೋರ ಮಧ್ಯ ನಾನು ಹೇಗೆ ಕೂತ್ಕೊಳ್ಲಿ? ನೀನು ಹೋಗಿ ಬಾ.’ ಅಮ್ಮನಿಗೆ ದೇಶದ ಮೇಲೆ ಪ್ರೀತಿಯಿಲ್ಲ ಎಂದುಕೊಂಡಿದ್ದೆ. ಈಗ ಅವಳಿಲ್ಲ. ಇದ್ದಿದ್ದರೆ ಇವತ್ತು ನಿನ್ನ ಅಮ್ಮನ ಪಕ್ಕದಲ್ಲಿ ಕುಳಿತು ಮಾತಾಡಬಲ್ಲವಳು ಅವಳೊಬ್ಬಳೇ ಆಗಿರುತ್ತಿದ್ದಳು.

ನಾನೀಗ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. ಗಾಜಿನ ಗೂಡಿನಂಥ ಕೋಣೆ, ಒಂದು ತಿರುಗುವ ಕುರ್ಚಿ, ಸದಾ ಕಿರುಗುಟ್ಟುವ ಫ್ಯಾನು. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ಹೊರಡಲಿದೆ, ಯಾವುದು ತಡ ಎಂದು ಹೇಳುವುದು ನನ್ನ ಕೆಲಸ. ಕಾಲು ಕಾಣದೆ ದನಿ ಮಾತ್ರ ಕೇಳುವ ಕೆಲಸ ಎಂದು ಮೊದಮೊದಲು ಹಿಗ್ಗಿದ್ದೆ. ಆಮೇಲೆ ಹಿಗ್ಗುವುದಕ್ಕೆ ಪುರುಸೊತ್ತೇ ಸಿಗಲಿಲ್ಲ. ಪ್ರಯಾಣಿಕರು ಗಾಜು ಬಡಿದು ‘ಈಗ ಹೇಳಿದ್ರಲ್ಲ, ಏನು ಹೇಳಿದ್ರಿ?’ ಎಂದು ಜೀವ ತಿನ್ನುತ್ತಾರೆ.

ನಿನ್ನ ಸುದ್ದಿ ನನಗೆ ಗೊತ್ತಾದದ್ದು ಎದುರಿನ ಕ್ಯಾಂಟೀನಿನ ಟೀವಿಯಿಂದ. ಮಧ್ಯಾಹ್ನದ ಹೊತ್ತು, ಜನ ಗುಂಪುಗಟ್ಟಿದ್ದರು. ಏನೋ ಅಪಘಾತ ಇರಬೇಕೆಂದು ಕತ್ತು ಚಾಚಿ ನೋಡಿದರೆ, ನಿನ್ನ ಕಾಲು. ಕ್ಯಾಂಟೀನಿನವನು ಒಳ್ಳೆಯವನೇ, ಆದರೆ ಬಾಯಿಗೆ ಬೀಗವಿಲ್ಲ. ನನ್ನ ಕಡೆ ತಿರುಗಿ, ‘ಅಕ್ಕಾ, ನಿಮ್ಮ ರೆಕಾರ್ಡ್ ಮುರಿದ್ಹೋಯ್ತಲ್ಲ!’ ಎಂದು ಕೂಗಿದ. ಒಂದಿಬ್ಬರು ನಕ್ಕರು. ಮೈಕು ಹಾಕಿ ಹೊರಡುವ ಬಸ್ಸನ್ನು ಬರುವ ಬಸ್ಸೆಂದು ಹೇಳಿಬಿಟ್ಟೆ. ಚೀಲ, ಗಂಟು, ಮಕ್ಕಳನ್ನು ಎತ್ತಿಕೊಂಡು ಜನ ಅತ್ತಿಂದಿತ್ತ ಓಡಾಡಿದರು. ಮೇಲ್ವಿಚಾರಕರು ಬಂದು ‘ಏನಮ್ಮಾ ಇದು, ನೀವೂ ಹೀಗೆ ಮಾಡಿದ್ರೆ ಹೇಗೆ?’ ಎಂದರು.

ಅಷ್ಟರಲ್ಲಿ ಟೀವಿಯ ಮುಂದೆ ಮಾತು ಬೇರೆ ದಾರಿ ಹಿಡಿದಿತ್ತು. ‘ದೇಶದ ಮಾನ ಮೂರು ಕಾಸಿಗೆ ಹೋಯ್ತು.’ ‘ಆ ಅಪ್ಪ ಅಮ್ಮನ್ನ ಒದ್ದು ಒಳಗೆ ಹಾಕ್ಬೇಕು. ಹನಿ ಹಾಕ್ಸೋಕೆ ಏನು ದಾಡಿ?’ ‘ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದನ್ನ ಒಂದು ಮನೆಯವರು ಹಾಳು ಮಾಡಿದ್ರು ನೋಡಿ.’ ಇವರೆಲ್ಲ ನನಗೆ ಚಪ್ಪಾಳೆ ತಟ್ಟಿದ ಜನ, ತಂಗಿ. ಬಸ್ಸಿಗೆ ಹತ್ತುವಾಗ ನನ್ನ ಕೈ ಹಿಡಿದು ‘ನಮ್ಮ ದೇಶದ ಹೆಮ್ಮೆ’ ಎಂದವರು. ನಿನ್ನದೂ ನನ್ನದೂ ಒಂದೇ ಕಾಲು. ಅದೇ ಜ್ವರ, ಅದೇ ಸಣಕಲು ಮೀನಖಂಡ. ನನ್ನದು ದೇಶಕ್ಕೆ ಹೆಮ್ಮೆ, ನಿನ್ನದು ಅವಮಾನವಾಯಿತೇ? ನನಗೆ ಅಲ್ಲೇ ಎದ್ದು ನಿಂತು ಕಿರುಚಬೇಕೆನ್ನಿಸಿತು. ಎದ್ದು ನಿಲ್ಲುವುದೇ ನನಗೆ ಒಂದು ದೊಡ್ಡ ಕೆಲಸ, ನಿಲ್ಲುವಷ್ಟರಲ್ಲಿ ಜನ ಚದುರಿದ್ದರು.

ಮರುದಿನ ಡಾಕ್ಟರಮ್ಮ ನಿಲ್ದಾಣಕ್ಕೆ ಬಂದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದೆ, ಬೆನ್ನು ಬಾಗಿದೆ. ನನ್ನ ಗಾಜಿನ ಕೋಣೆಯೊಳಗೆ ಬಂದು, ನಾನು ಖಾಲಿ ಮಾಡಿಕೊಟ್ಟ ಕುರ್ಚಿಯಲ್ಲೂ ಕೂರದೆ, ಗೋಡೆಗೆ ಒರಗಿ ನಿಂತರು. ತಾವು ನಿನ್ನ ಮನೆಗೆ ಹೋಗಿ ಬಂದುದಾಗಿ ಹೇಳಿದರು. ನಿಮ್ಮ ಬಾಗಿಲಿಗೆ ಯಾರೋ ಕಲ್ಲು ಹೊಡೆದಿದ್ದಾರಂತೆ. ನಿನ್ನ ಅಪ್ಪನನ್ನು ಕೆಲಸಕ್ಕೆ ಬರಬೇಡ ಎಂದಿದ್ದಾರಂತೆ. ನಿನ್ನ ಅಮ್ಮ ಡಾಕ್ಟರಮ್ಮನ ಮುಂದೆ ಅಳಲಿಲ್ಲವಂತೆ, ‘ನಾವು ಕಾಯ್ತಾ ಇದ್ವಿ’ ಎಂದಷ್ಟೇ ಹೇಳಿದಳಂತೆ.

‘ಅವರು ಬೇಡ ಅನ್ಲಿಲ್ಲ ಕಣೇ, ನಾವು ಹೋಗ್ಲಿಲ್ಲ,’ ಎಂದರು ಡಾಕ್ಟರಮ್ಮ. ಕಳೆದ ಕೆಲವು ವರ್ಷಗಳಿಂದ ಆ ಕಡೆಯ ಬೀದಿಗಳಿಗೆ ಹನಿ ಹಾಕುವವರನ್ನು ಕಳಿಸುವುದನ್ನೇ ಬಿಟ್ಟಿದ್ದರಂತೆ. ಯಾಕೆ ಬಿಟ್ಟಿರಿ ಎಂದು ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತಾ, ‘ಮುಗೀತು ಅಂದ್ಕೊಂಡ್ವಿ. ಒಂದೊಂದು ವರ್ಷವೂ ನಿನ್ನ ವೇದಿಕೆ ಮೇಲೆ ನೋಡಿದಾಗ, ಹ್ಞಾ, ಮುಗೀತು, ಇವಳೇ ಕೊನೆ, ಅಂದ್ಕೊಂಡು ಮನೆಗೆ ಹೋದ್ವಿ’ ಎಂದರು. ಆ ಮುದುಕಿ ಅಳುವುದನ್ನು ನಾನು ಅವತ್ತೇ ನೋಡಿದ್ದು. ನನಗೂ ದುಃಖ ಒತ್ತರಿಸಿ ಬಂತು. ನನ್ನ ಪುಟ್ಟ ಕಾಲನ್ನು ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿ ತೋರಿಸಿದ್ದು ಜನರಿಗೆ ನೆಮ್ಮದಿ ತಂದಿತ್ತು. ಆ ನೆಮ್ಮದಿ ಐಸಿನ ಡಬ್ಬಗಳನ್ನು ಅಟ್ಟ ಹತ್ತಿಸಿತು. ಆಮೇಲೆ ನಿನ್ನ ಬೀದಿಗೆ ಯಾರೂ ಬರಲಿಲ್ಲ. ನನ್ನದು ತಪ್ಪಲ್ಲ ಎಂದು ಡಾಕ್ಟರಮ್ಮ ಹೇಳಿದರು, ನನಗೂ ಗೊತ್ತು. ಆದರೂ ಅವತ್ತಿನಿಂದ ಕ್ಯಾಲಿಪರಿನ ಕಬ್ಬಿಣ ಉಜ್ಜುವುದನ್ನು ಬಿಟ್ಟಿದ್ದೇನೆ.

ಈ ವರ್ಷದ ಸಭೆ ರದ್ದಾಯಿತು. ಅದರ ಬದಲು ಟೀವಿಯವರು ನನ್ನನ್ನು ಕರೆದರು, ‘ನಿಮ್ಮ ಪಟ್ಟ ಹೋಗಿದ್ದಕ್ಕೆ ಬೇಜಾರಾಯ್ತಾ ಮೇಡಂ?’ ಎಂದು ಕೇಳುವುದಕ್ಕೆ. ಎಂಥ ಜನವಪ್ಪಾ! ಹೋದೆ. ಮೊದಲು ಕುರ್ಚಿ ಕೇಳಿ ಹಾಕಿಸಿಕೊಂಡೆ. ಆಮೇಲೆ ಬಸ್ಸು ಕೂಗುವ ದನಿಯಲ್ಲೇ ಹೇಳಿದೆ: ಆ ಮಗುವಿನ ಅಪ್ಪ ಅಮ್ಮ ಬಾಗಿಲು ತೆರೆದುಕೊಂಡೇ ಕೂತಿದ್ದರು, ಬಾರದೆ ಹೋದವರು ನಾವು. ಚಪ್ಪಾಳೆ ಹೊಡೆಯುವಾಗ ‘ನಾವು ಮಾಡಿದೆವು’ ಎಂದಿರಲ್ಲ, ಹಾಗೆಯೇ ಇವತ್ತೂ ‘ನಾವು’ ಎನ್ನಿ. ಕಲ್ಲು ಹೊಡೆಯಬೇಕಾದರೆ ಮೊದಲು ನನ್ನ ಬಾಗಿಲಿಗೆ ಹೊಡೆಯಿರಿ, ನಾನೂ ಅದೇ ಕಾಲಿನವಳು. ಹೀಗೆಂದಾಗ ಪ್ರಶ್ನೆ ಕೇಳುತ್ತಿದ್ದ ಟೀವಿಯ ಹುಡುಗಿಯ ಮುಖ ಇಳಿದುಹೋಯಿತು. ಅದನ್ನು ಪೂರ್ತಿ ತೋರಿಸಿದರೋ ಕತ್ತರಿಸಿದರೋ ನನಗೆ ತಿಳಿಯದು, ನಾನು ನೋಡಲಿಲ್ಲ.

ನಿನಗೆ ಹೇಳಬೇಕಾದದ್ದು ಇನ್ನೂ ಇದೆ. ಕ್ಯಾಲಿಪರಿನ ಚರ್ಮದ ಪಟ್ಟಿ ತೊಡೆಗೆ ಉಜ್ಜಿ ಹುಣ್ಣಾಗುತ್ತದೆ, ಒಳಗೆ ಹಳೆಯ ಹತ್ತಿ ಬಟ್ಟೆ ಸುತ್ತಲು ಅಮ್ಮನಿಗೆ ಹೇಳು. ನೀನು ಬೆಳೆದ ಹಾಗೆ ಹೊಸ ಅಳತೆ ತೆಗೆಯಲಿ. ಹಳೆಯದರಲ್ಲೇ ತಳ್ಳುತ್ತಾರೆ, ಬಿಡಬೇಡ, ಹಟ ಮಾಡು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಈ ಕಾಲು ಮೊದಲು. ಮಳೆಗಾಲದಲ್ಲಿ ಕಾಲು ತಣ್ಣಗಾಗಿ ನೀಲಿಯಾದರೆ ಹೆದರಬೇಡ, ಉಣ್ಣೆಯ ಕಾಲುಚೀಲ ಹಾಕಿಕೊಂಡರೆ ಸರಿಹೋಗುತ್ತದೆ. ಮತ್ತೆ, ಈ ದೇಶವನ್ನು ದ್ವೇಷಿಸಬೇಡ ಎಂದು ಕೇಳಿಕೊಳ್ಳುವ ಹಕ್ಕು ನನಗಿದೆಯೋ ಇಲ್ಲವೋ, ಆದರೂ ಕೇಳುತ್ತೇನೆ. ನಿನ್ನ ಓಣಿಯಲ್ಲಿ ಕಿರುಚಿಕೊಂಡು ಓಡುವ ಮಕ್ಕಳಿದ್ದಾರಲ್ಲ, ಅವರಷ್ಟೂ ಜನರ ಕಾಲುಗಳನ್ನು ಆ ಐಸಿನ ಡಬ್ಬದವರೇ ಉಳಿಸಿದ್ದು. ಅದು ನಿಜ. ನಿನ್ನದನ್ನು ಉಳಿಸಲಿಲ್ಲ, ಅದೂ ನಿಜ. ಎರಡನ್ನೂ ಒಟ್ಟಿಗೆ ಹೊತ್ತುಕೊಳ್ಳುವುದು ನನಗೇ ಕಷ್ಟವಾಗುತ್ತಿದೆ, ನಿನಗೆ ಹೇಗೆ ಹೇಳಲಿ?

ನಿನ್ನೆಯಿಂದ ನಮ್ಮ ನಿಲ್ದಾಣದಲ್ಲಿ ಮತ್ತೆ ಹನಿಯ ಮೇಜು ಹಾಕಿದ್ದಾರೆ. ಬಸ್ಸಿಳಿದು ಬರುವ ಪ್ರತಿ ಕೂಸನ್ನೂ ಹಿಡಿದು ಬಾಯಿ ತೆರೆಸುತ್ತಾರೆ. ಡಾಕ್ಟರಮ್ಮನೂ ಬಾಗಿದ ಬೆನ್ನಿನಲ್ಲೇ ಬಂದು ಕೂತಿದ್ದಾರೆ. ನಾನು ಪ್ರತಿ ಬಸ್ಸಿನ ನಂತರವೂ ಮಕ್ಕಳಿಗೆ ಹನಿ ಹಾಕಿಸಿ ಎಂದು ಮೈಕಿನಲ್ಲಿ ಕೂಗುತ್ತೇನೆ. ಗಂಟಲು ಕಟ್ಟಿದೆ. ಕ್ಯಾಂಟೀನಿನವನು ಹೇಳದೆ ಕೇಳದೆ ಬಿಸಿನೀರು ತಂದಿಟ್ಟು, ತಲೆ ಎತ್ತದೆ ಹೋಗುತ್ತಾನೆ.

ಒಂದೇ ಮನೆಯಲ್ಲಿ ನಮ್ಮ ನಂತರ ಹುಟ್ಟಿದವಳನ್ನು ಬೆನ್ನಿಗೆ ಬಿದ್ದ ತಂಗಿ ಎನ್ನುತ್ತೇವೆ. ಇಷ್ಟು ದೊಡ್ಡ ದೇಶದಲ್ಲಿ ನೀನು ನನ್ನ ಬೆನ್ನಿಗೆ ಬಿದ್ದವಳು. ಬರಬಾರದಿತ್ತು ಕಣೇ. ನಿನ್ನನ್ನು ಬರಲು ಬಿಡಬಾರದಿತ್ತು. ಬಂದಿದ್ದೀಯಲ್ಲ, ನೂರು ಕಾಲ ಬಾಳು, ಜಗಳಗಂಟಿಯಾಗು, ಯಾರ ಚಪ್ಪಾಳೆಗೂ ಎದ್ದು ನಿಲ್ಲಬೇಡ.

ನಿನ್ನ ಬೆನ್ನಿಗೆ ಯಾರೂ ಬೀಳದಿರಲಿ.

ನಿನ್ನ ಅಕ್ಕ,
ಬಸ್ ನಿಲ್ದಾಣದ ಮೈಕಿನವಳು