ಕೊನೆಯ ಬೆಂಚಿನವರೆಗೆ

ಅಪ್ಪಾ,

ನೀನು ಹೋದ ಮೇಲೆ ಇವತ್ತೇ ಮೊದಲ ಸಲ ಚರ್ಚಿಗೆ ಹೋಗಿದ್ದೆ. ಆರಾಧನೆಯ ನಡುವೆ ಪಾದ್ರಿಯವರು "ಒಬ್ಬರಿಗೊಬ್ಬರು ಶಾಂತಿ ಕೋರಿ" ಎಂದಾಗ ಎಲ್ಲರೂ ಅಕ್ಕಪಕ್ಕದವರ ಕೈ ಕುಲುಕಿದರು.

ನೀನು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಮಂಡಿ ನೋಯುತ್ತಿದ್ದರೂ ಮುಂದಿನ ಸಾಲಿನಿಂದ ಕೊನೆಯ ಬೆಂಚಿನವರೆಗೆ ನಡೆದು, ಕುಡಿದ ಅಮಲಿನಲ್ಲಿ ನನ್ನ ತಮ್ಮನ ಮೇಲೆ ಲಾರಿ ಹತ್ತಿಸಿ ಕೊಂದು ಜೈಲಿಗೆ ಹೋಗಿ ಬಂದ ಆ ಡ್ರೈವರನ ಕೈ ಹಿಡಿಯುತ್ತಿದ್ದೆ. ಪಾದ್ರಿಯವರು ಗೋಡೆ ಗಡಿಯಾರ ನೋಡುತ್ತಿದ್ದರು. ಅದನ್ನು ಪುಕ್ಕಟೆ ರಿಪೇರಿ ಮಾಡಿಕೊಟ್ಟವನು ನೀನೇ ಆದ್ದರಿಂದ ತುಟಿಪಿಟಕ್ಕೆನ್ನುತ್ತಿರಲಿಲ್ಲ. ವಾಪಸ್ ಬಂದು ಅದೇ ಕೈಯನ್ನು ನನ್ನತ್ತ ಚಾಚುತ್ತಿದ್ದೆ. ಎಂಟು ವರ್ಷವೂ ನಾನು ಹಾಡಿನ ಪುಸ್ತಕದ ಪುಟ ತಿರುವುತ್ತಿದ್ದೆ.

ಇವತ್ತು ಅವನು ಅಲ್ಲೇ ತಲೆತಗ್ಗಿಸಿ ನಿಂತಿದ್ದ. ಯಾರೂ ಅತ್ತ ಸುಳಿಯಲಿಲ್ಲ. ನಾನೇ ಎದ್ದು ಹೋದೆ. ಆ ದಾರಿ ಎಷ್ಟು ಉದ್ದ, ಅಪ್ಪಾ! ಮಂಡಿ ಗಟ್ಟಿಯಿರುವ ನನಗೇ ಕಾಲು ಬರಲಿಲ್ಲ.

"ನಿಮ್ಮಪ್ಪ ಮೊದಲನೇ ದಿನ ಏನಂದ್ರು ಗೊತ್ತಾ?" ಎಂದು ಕೇಳಿದ. "'ನೀನು ಜೈಲಲ್ಲಿದ್ದ ಮೂರು ವರ್ಷಾನೂ ಸಾಯ್ಲಿ ಅಂತ ಬೇಡ್ಕೊಂಡಿದ್ದೀನಪ್ಪಾ, ಅದೂ ಪಾಪಾನೇ. ನಮ್ಮಿಬ್ಬರ ಪಾಪಾನೂ ಯೇಸು ಒಂದೇ ಶಿಲುಬೇಲಿ ಹೊತ್ತಿದ್ದಾನೆ. ಮೊದ್ಲು ನೀನು ನನ್ನ ಕ್ಷಮಿಸು' ಅಂದ್ರು."

ನಾನು ಕೈ ಚಾಚಿದೆ. ಅವನ ಕೈ ಒರಟಾಗಿತ್ತು, ಬೆಚ್ಚಗಿತ್ತು. ಪ್ರತಿ ಭಾನುವಾರ ನೀನು ಹಿಡಿದ ಕೈ ಅದು. ಪಾದ್ರಿಯವರು ಗಡಿಯಾರ ನೋಡತೊಡಗಿದರೂ ನಾನು ಬಿಡಲಿಲ್ಲ.