ಪಟ್ಟಿ ಇಲ್ಲದ ಕಾಲು

18 ಜೂನ್ 2021, ಶುಕ್ರವಾರ. ಮಾಂಟ್ ಕಿಯಾರಾ

ಆ ವಾದವನ್ನ ನಾನು ಹೇಳಿಕೊಡಬಾರದಿತ್ತು.

ಪೂರ್ವಿಗೆ ಇವತ್ತು ಆನ್‌ಲೈನ್ ಕ್ಲಾಸಲ್ಲಿ ಡಿಬೇಟ್. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎದುರಾಳಿಗೆ ಬೇಕಂತಲೇ ಪೆಟ್ಟು ಮಾಡೋದು ಸರಿಯಾ ಅಂತ. 'ಸರಿ' ಅನ್ನೋ ಕಡೆ ಇವಳಿಗೆ ಬಂದಿತ್ತು. "ಫೌಲ್ ಅಲ್ಲ ಅಂದ್ಮೇಲೆ ತಪ್ಪೂ ಅಲ್ಲ ಅನ್ನು" ಅಂದೆ. ಗೆದ್ದಳು.

ಊಟಕ್ಕೆ ಕೂತಾಗ ಹೇಳಿದಳು: "ಅಪ್ಪಾ, ಕೆಲವು ಪ್ಲೇಯರ್ಸ್ ನೋವಿಲ್ಲದ ಕಾಲಿಗೆ ಬ್ಯಾಂಡೇಜ್ ಹಾಕ್ತಾರಂತೆ, ಎದುರಿನವರು ಮೋಸ ಹೋಗ್ಲಿ ಅಂತ. ಸೋ ಸ್ಮಾರ್ಟ್, ಅಲ್ವಾ?"



ಮಂಡ್ಯದ ಕಬಡ್ಡಿ ಫೈನಲ್‌ನಲ್ಲಿ ಚನ್ನೇಶನೂ ಅದನ್ನೇ ಮಾಡಿದ್ದ. ಅವನ ಕಾಲೇಜು ಬೇರೆ, ನನ್ನದು ಬೇರೆ. ಇಬ್ಬರೂ ಇದ್ದದ್ದು ಒಂದೇ ರೂಮಲ್ಲಿ. ಉಳುಕಿದ್ದು ಎಡಗಾಲು, ಪಟ್ಟಿ ಬಲಗಾಲಿಗೆ. ಅವನು ರೇಡಿಗೆ ಬಂದಾಗ ನಮ್ಮವರೆಲ್ಲರ ಕಣ್ಣು ಪಟ್ಟಿ ಮೇಲೆ. ನಾನು ಎಡಗಾಲಿಗೇ ಕೈ ಹಾಕಿ ಎಳೆದೆ. ಫೌಲ್ ಅಲ್ಲ. ಪಾಯಿಂಟ್ ಸಿಕ್ಕಿತು, ಕಪ್ಪೂ ಸಿಕ್ಕಿತು. ಚನ್ನೇಶ ಮತ್ತೆ ಅಂಕಣಕ್ಕೆ ಇಳಿಯಲಿಲ್ಲ.

ಯಾಕೆ ಹಾಗೆ ಮಾಡಿದೆ ಅಂತ ಅವನು ಇವತ್ತಿಗೂ ಕೇಳಿಲ್ಲ. ಕೇಳಿದ್ದರೆ ಮಗಳಿಗೆ ಹೇಳಿಕೊಟ್ಟದ್ದನ್ನೇ ಹೇಳುತ್ತಿದ್ದೆನೇನೋ.

ಫೈನಲ್ ದಿನ ಬೆಳಿಗ್ಗೆ ಅವನ ಬಲಗಾಲಿಗೆ ಆ ಪಟ್ಟಿ ಸುತ್ತಿದವನು ನಾನೇ. "ಬಿಗಿ ಆಯ್ತೇನೋ?" ಅಂತ ಬೇರೆ ಕೇಳಿದ್ದೆ.